ಒಪ್ಪಂದದಲ್ಲಿ ಬರೆಯದ ವಿಷಯ: ಕಾರ್ಯನಿರ್ವಾಹಕರ ವೈಯಕ್ತಿಕ ಬಿಕ್ಕಟ್ಟು ಮತ್ತು ಕೋಚಿಂಗ್

ಕಂಪನಿಯೊಂದು ತನ್ನ ಹಿರಿಯ ಅಧಿಕಾರಿಗೆ ಕೋಚ್ ನೇಮಿಸುವಾಗ ಒಪ್ಪಂದದಲ್ಲಿ ನಾಯಕತ್ವ, ತಂಡ ನಿರ್ವಹಣೆ, ಬಡ್ತಿಗೆ ಸಿದ್ಧತೆ ಎಂದು ಬರೆದಿರುತ್ತದೆ. ಬಾಗಿಲು ಮುಚ್ಚಿದ ಮೇಲೆ ಮಾತಿಗೆ ಬರುವುದು ಮುರಿಯುತ್ತಿರುವ ದಾಂಪತ್ಯ, ಮಗನ ಚಟ, ನಿದ್ದೆಗೆಟ್ಟ ರಾತ್ರಿಗಳು. ಹಾರ್ವರ್ಡ್ ಬಿಸಿನೆಸ್ ರಿವ್ಯೂ 2009ರಲ್ಲಿ ಪ್ರಕಟಿಸಿದ 140 ಕೋಚ್‌ಗಳ ಸಮೀಕ್ಷೆಯಲ್ಲಿ, ಮುಖ್ಯವಾಗಿ ವೈಯಕ್ತಿಕ ಸಮಸ್ಯೆಗಾಗಿ ತಮ್ಮನ್ನು ನೇಮಿಸಲಾಗುತ್ತದೆ ಎಂದವರು ಶೇ. 3 ಮಾತ್ರ, ಅಂಥ ಸಮಸ್ಯೆಯಲ್ಲಿ ನೆರವಾಗಿದ್ದೇವೆ ಎಂದವರು ಶೇ. 76. ಇದನ್ನು ಕೋಚ್‌ಗಳ ಅತಿಕ್ರಮಣವೆಂದು ಓದಬಹುದು. ಬಿಕ್ಕಟ್ಟನ್ನು ಹೇಳಿಕೊಳ್ಳಲು ಕಾರ್ಯನಿರ್ವಾಹಕರಿಗೆ ಮರ್ಯಾದೆ ಕೆಡದ ಬೇರೆ ಜಾಗವಿಲ್ಲ ಎಂಬುದು ನನ್ನ ಓದು.

ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕಿನ ಪ್ರಕರಣ ಇದಕ್ಕೆ ಪುಷ್ಟಿ ಕೊಡುತ್ತದೆ. 2011ರ ಮಾರ್ಚಿನಲ್ಲಿ ಅದರ ಮುಖ್ಯಸ್ಥರಾದ ಆಂಟೋನಿಯೊ ಹೋರ್ಟಾ ಒಸೋರಿಯೊ ನವೆಂಬರಿನ ಹೊತ್ತಿಗೆ ನಿದ್ರಾಹೀನತೆ, ಬಳಲಿಕೆಗಳಿಂದ ರಜೆ ಹಾಕಬೇಕಾಯಿತು. ಸುದ್ದಿ ಹೊರಬಿದ್ದ ದಿನವೇ ಷೇರು ಬೆಲೆ ಇಳಿಯಿತು. 2012ರ ಜನವರಿಯಲ್ಲಿ ಅವರು ಮರಳಿದರು; ಮುಂದೆ ಆ ಅನುಭವವನ್ನು ಬಹಿರಂಗವಾಗಿ ಹೇಳಿಕೊಂಡರು, ಬ್ಯಾಂಕಿನ ಹಿರಿಯರ ಮಾನಸಿಕ ಆರೋಗ್ಯಕ್ಕೆ ಕಾರ್ಯಕ್ರಮವನ್ನೂ ತಂದರು. ಆದರೆ ಒಬ್ಬ ವ್ಯಕ್ತಿಯ ನಿದ್ದೆ ಹೂಡಿಕೆದಾರರ ಲೆಕ್ಕಕ್ಕೆ ಸೇರುವ ಕಡೆ ಮುಚ್ಚಿಡುವುದೇ ಜಾಣತನವಾಗಿ ಕಾಣುತ್ತದೆ. ಮನೋವೈದ್ಯರ ಹೆಸರೆತ್ತಲು ಹಿಂಜರಿಯುವವರು ಕೋಚ್ ಇದ್ದಾರೆಂದು ಹೆಮ್ಮೆಯಿಂದಲೇ ಹೇಳುತ್ತಾರೆ.

ಅಪಾಯವೂ ಅಲ್ಲೇ ಇದೆ. ಮನೋವಿಜ್ಞಾನದ ತರಬೇತಿಯಿಲ್ಲದ ಕೋಚ್ ಆಳದ ತೊಂದರೆಯನ್ನು ನಡವಳಿಕೆಯ ಲೋಪವೆಂದು ತಿದ್ದಹೊರಟು ಹಾನಿ ಮಾಡಬಲ್ಲರೆಂದು ಮನೋವಿಜ್ಞಾನಿ ಸ್ಟೀವನ್ ಬರ್ಗ್ಲಾಸ್ 2002ರಲ್ಲೇ ವಾದಿಸಿದ್ದರು. ವಾದ ಸರಿ, ಸಾಲದು. ತರಬೇತಿ ಪಡೆದವರಿಗೂ ಶುಲ್ಕ ಕಟ್ಟುವುದು ಸಂಸ್ಥೆಯೇ. ಪ್ರಗತಿ ಹೇಗಿದೆ ಎಂದು ಮಾನವ ಸಂಪನ್ಮೂಲ ವಿಭಾಗ ಕೇಳಿಯೇ ಕೇಳುತ್ತದೆ. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಗೌಪ್ಯತೆಯ ಹೊಣೆಯನ್ನು ಆರೋಗ್ಯ ವೃತ್ತಿಪರರ ಮೇಲೆ ಹೊರಿಸಿದೆ. ಆ ವರ್ಗಕ್ಕೆ ಸೇರದ ಕೋಚ್‌ಗೆ ಅದು ತಾಗದು. ಅಲ್ಲಿ ಉಳಿಯುವುದು ಒಪ್ಪಂದದ ಮಾತು, ವೃತ್ತಿಸಂಘದ ನೀತಿಸಂಹಿತೆ ಅಷ್ಟೆ.

ಹಾಗಾಗಿ ಸುಧಾರಣೆ ಒಪ್ಪಂದದಿಂದಲೇ ಶುರುವಾಗಬೇಕು. ಸಂಸ್ಥೆಗೆ ತಿಳಿಸುವುದು ಭೇಟಿಗಳ ಸಂಖ್ಯೆ ಮತ್ತು ಸಂಸ್ಥೆ, ಕೋಚ್, ಅಧಿಕಾರಿ ಮೂವರೂ ಒಪ್ಪಿದ ಕೆಲಸದ ಗುರಿಗಳನ್ನು ಮಾತ್ರ ಎಂದು ಮೊದಲ ಭೇಟಿಗೆ ಮುಂಚೆ ಬರೆದುಕೊಳ್ಳಬೇಕು. ಪ್ರಾಣಾಪಾಯದ ಸೂಚನೆ ಕಂಡರೆ ಯಾರಿಗೆ ತಿಳಿಸಬೇಕು, ಯಾವ ಹಂತದಲ್ಲಿ ಕೋಚ್ ನಿಲ್ಲಿಸಿ ಚಿಕಿತ್ಸಕರ ಬಳಿಗೆ ಕಳಿಸಬೇಕು ಎಂಬುದೂ ಅದರಲ್ಲಿರಬೇಕು. ಆ ಚಿಕಿತ್ಸೆಯ ಬಿಲ್ಲು ಯಾರ ಮೇಜಿಗೆ ಹೋಗುತ್ತದೆಂಬ ಪ್ರಶ್ನೆ ಕ್ಷುಲ್ಲಕವೆನಿಸೀತು. ಆದರೆ ಗುಟ್ಟು ಕೋಚ್ ಬಾಯಿಂದಲೇ ಹೊರಬೀಳಬೇಕೆಂದಿಲ್ಲ. ಲೆಕ್ಕಪತ್ರ ವಿಭಾಗ ಸಾಕು.