ಕಿಡ್

ಮಕ್ಕಳ ಇಂಗ್ಲಿಷ್ ವ್ಯಾಕರಣದ ಹೋಂವರ್ಕಿನಲ್ಲಿ ‘ಕಿಡ್ಸ್’ಗೆ ಅಡಿಗೆರೆ ಎಳೆದು, ಇದನ್ನು ಔಪಚಾರಿಕವಾಗಿ ಬರೆಯಿರಿ ಎಂದಿರುತ್ತದೆ. ಉತ್ತರ ‘ಚಿಲ್ಡ್ರನ್’. ಕಿಡ್ ಎಂದರೆ ಮೂಲದಲ್ಲಿ ಆಡಿನ ಮರಿ. ಹಳೆಯ ನಾರ್ಸ್ ಭಾಷೆಯಿಂದ ಸುಮಾರು 1200ರ ಹೊತ್ತಿಗೆ ಇಂಗ್ಲಿಷಿಗೆ ಬಂದದ್ದು. 16ನೇ ಶತಮಾನದ ಕೊನೆಗೆ ಬೀದಿಮಾತಿನಲ್ಲಿ ಮಗುವಿಗೂ ಅಂಟಿಕೊಂಡಿತು. 19ನೇ ಶತಮಾನದಲ್ಲಿ ಮನೆಯೊಳಗೂ ಬಂತು. ನಾವು ‘ಬಾ ಮರಿ’ ಅನ್ನುವುದಿಲ್ಲವೇ, ಹಾಗೆ.

ಫ್ರೆಂಚ್, ಲ್ಯಾಟಿನ್ ಮೂಲದ್ದು ಗಂಭೀರ, ಅಚ್ಚ ಇಂಗ್ಲಿಷಿನದು ಸಲೀಸು ಎಂದು ಟ್ಯೂಷನ್‌ನಲ್ಲಿ ಹೇಳಿಕೊಡುವುದುಂಟು. ‘ಅಸಿಸ್ಟ್’, ‘ಹೆಲ್ಪ್’ ಜೋಡಿಗೆ ಅದು ಸರಿ. ಇಲ್ಲಿ ನಡೆಯದು: ಗಂಭೀರವಾದ ‘ಚೈಲ್ಡ್’ ಅಚ್ಚ ಇಂಗ್ಲಿಷೇ, ಸಲೀಸಾದ ‘ಕಿಡ್’ ನಾರ್ಸ್‌ನಿಂದ ಬಂದದ್ದು. ರಜಾ ಅರ್ಜಿಯಲ್ಲಿ ‘ಚಿಲ್ಡ್ರನ್’ ಇರಲಿ. ಗೆಳೆಯನಿಗೆ ಕಳಿಸುವ ವಾಟ್ಸಾಪ್ ಮೆಸೇಜಿನಲ್ಲಿ ‘ಕಿಡ್ಸ್’ ಎಂದಿದ್ದರೆ ಮೇಷ್ಟ್ರು ಸುಮ್ಮನೆ ಕೆಂಪು ಪೆನ್ನು ಹಿಡಿಯಬೇಕಿಲ್ಲ.