ಕೊರೆಮಾತ್ಸು ಮೊಕದ್ದಮೆ: ತೀರ್ಪು ಅಳಿಸುವ ಕೈ ಯಾರದು?

ನಮ್ಮ ಕಚೇರಿ ಕನ್ನಡದಲ್ಲಿ ‘ರದ್ದು’ ಎಂಬ ಒಂದೇ ಮಾತು ಎಲ್ಲ ಕೆಲಸವನ್ನೂ ಮಾಡುತ್ತದೆ. ಅರಬಿಯಿಂದ ಹೊರಟು ಉರ್ದುವಿನ ನೆರಳಲ್ಲಿ ಕೋರ್ಟು ಸೇರಿದ ಈ ಪದಕ್ಕೆ ಹಿಂದಿರುಗಿಸು, ತಳ್ಳಿಹಾಕು ಎಂದೆಲ್ಲ ಅರ್ಥ. ಶಿಕ್ಷೆ ರದ್ದಾಯಿತು, ಕಾಯಿದೆ ರದ್ದಾಯಿತು, ತೀರ್ಪು ರದ್ದಾಯಿತು ಎನ್ನುತ್ತೇವೆ. ಅಮೆರಿಕದ ನ್ಯಾಯಾಂಗದಲ್ಲಿ ಇವು ಬೇರೆ ಬೇರೆ ಕೈಗಳಲ್ಲಿವೆ. ಫ್ರೆಡ್ ಕೊರೆಮಾತ್ಸು ಅವರ ಮೊಕದ್ದಮೆಯನ್ನು ಓದಿದರೆ ಆ ಕೈಗಳ ಅಳತೆ ನಮಗೆ ತಿಳಿಯುತ್ತದೆ.

ಕೊರೆಮಾತ್ಸು 1919ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಹುಟ್ಟಿದರು. ತಂದೆತಾಯಿ ಜಪಾನಿನಿಂದ ಬಂದವರು. ಅವರದು ವೆಲ್ಡಿಂಗ್ ಕೆಲಸ. ಪರ್ಲ್ ಹಾರ್ಬರ್ ದಾಳಿಯ ನಂತರ, 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಬಲದಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ್ದೇ ಪ್ರಜೆಗಳು. ಮುಖವೇ ಅವರ ಅಪರಾಧ! ಕೊರೆಮಾತ್ಸು ಹೋಗಲಿಲ್ಲ. ಮೇ ತಿಂಗಳಲ್ಲಿ ಬಂಧಿತರಾದರು, ಅಪರಾಧಿಯೆಂದು ತೀರ್ಮಾನವಾಯಿತು. ಅಪೀಲು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1944ರ ಡಿಸೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಸರ್ಕಾರದ ಪರ ನಿಂತರು. ಒಪ್ಪದ ಮೂವರಲ್ಲಿ ಒಬ್ಬರಾದ ರಾಬರ್ಟ್ ಜಾಕ್ಸನ್, ಇಂಥ ತೀರ್ಪು ಗುಂಡು ತುಂಬಿಟ್ಟ ಬಂದೂಕಿನ ಹಾಗೆ, ಮುಂದೆ ಯಾವ ಅಧಿಕಾರಿ ಬೇಕಾದರೂ ಕೈಗೆತ್ತಿಕೊಳ್ಳಬಹುದು ಎಂದು ಎಚ್ಚರಿಸಿದರು.

ಸುಪ್ರೀಂ ಕೋರ್ಟಿನ ಮೇಲೆ ಅಪೀಲಿಲ್ಲ. ಹಾಗೆಂದು ಅದರ ಮಾತೇ ಕೊನೆಯದೂ ಅಲ್ಲ. ಕರಿಯರು ಪ್ರಜೆಗಳಾಗಲಾರರು ಎಂದ 1857ರ ಡ್ರೆಡ್ ಸ್ಕಾಟ್ ತೀರ್ಪನ್ನು ಅಳಿಸಲು ಒಂದು ಅಂತರ್ಯುದ್ಧವೂ 1868ರ ಸಂವಿಧಾನ ತಿದ್ದುಪಡಿಯೂ ಬೇಕಾದವು. ಪಂಜಾಬಿನಿಂದ ಹೋಗಿ ಅಮೆರಿಕದ ಸೇನೆಯಲ್ಲೂ ಇದ್ದ ಭಗತ್ ಸಿಂಗ್ ಥಿಂದ್ ‘ಬಿಳಿಯ’ರಲ್ಲ, ಆದ್ದರಿಂದ ಪೌರತ್ವವಿಲ್ಲ ಎಂದು 1923ರಲ್ಲಿ ಕೋರ್ಟು ಹೇಳಿತ್ತು. ಅದು ಕಾಯಿದೆಯ ಪದವೊಂದರ ಅರ್ಥದ ಪ್ರಶ್ನೆ. 1946ರಲ್ಲಿ ಅಲ್ಲಿನ ಸಂಸತ್ತು ಕಾಯಿದೆಯನ್ನೇ ಬದಲಿಸಿ ಭಾರತೀಯರಿಗೆ ಬಾಗಿಲು ತೆರೆಯಿತು. ಇನ್ನು ಕೋರ್ಟು ತನ್ನನ್ನು ತಾನೇ ತಿದ್ದಿಕೊಳ್ಳುವುದೂ ಉಂಟು: ಶಾಲೆಗಳ ವರ್ಣಭೇದದ ವಿರುದ್ಧ 1954ರಲ್ಲಿ ಹಾಗೆಯೇ ಆಯಿತು.

ಕೊರೆಮಾತ್ಸು ಅವರಿಗೆ ಈ ಯಾವ ಬಾಗಿಲೂ ತೆರೆಯಲಿಲ್ಲ. ಸುಮಾರು ನಲವತ್ತು ವರ್ಷಗಳ ನಂತರ ಪೀಟರ್ ಐರನ್ಸ್ ಎಂಬ ಪ್ರಾಧ್ಯಾಪಕರೂ, ಸ್ವತಃ ಶಿಬಿರದಲ್ಲಿದ್ದ ಐಕೊ ಹರ್ಜಿಗ್-ಯೋಶಿನಾಗಾ ಅವರೂ ಹಳೆಯ ಕಡತಗಳನ್ನು ತಡಕಾಡಿದರು. ಜಪಾನಿ ಅಮೆರಿಕನ್ನರಿಂದ ಅಪಾಯವಿದೆ ಎಂಬ ಸೇನೆಯ ವಾದವನ್ನು ಸರ್ಕಾರದ್ದೇ ಗುಪ್ತಚರ ವರದಿಗಳು ಅಲ್ಲಗಳೆದಿದ್ದವು. ಅವನ್ನು ಕೋರ್ಟಿನಿಂದ ಮುಚ್ಚಿಡಲಾಗಿತ್ತು. ಶಿಕ್ಷೆ ಕೊಟ್ಟ ಕೋರ್ಟನ್ನೇ ತಿದ್ದಿಕೋ ಎಂದು ಕೇಳುವ ಹಳೆಯ ರಿಟ್ ಒಂದಿದೆ. ಅದನ್ನು ಹಿಡಿದು ಅವರು ಸ್ಯಾನ್‌ಫ್ರಾನ್ಸಿಸ್ಕೊದ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಸರ್ಕಾರ ಕ್ಷಮಾದಾನದ ಮಾತೆತ್ತಿತು. ಕ್ಷಮೆ ಪಡೆದರೆ ತಪ್ಪು ಒಪ್ಪಿದಂತಲ್ಲವೆ? ಅವರು ಬೇಡವೆಂದರು. 1983ರ ನವೆಂಬರಿನಲ್ಲಿ ನ್ಯಾಯಾಧೀಶೆ ಮ್ಯಾರಿಲಿನ್ ಹಾಲ್ ಪಟೇಲ್ ಆ ಶಿಕ್ಷೆಯನ್ನು ಅಳಿಸಿಹಾಕಿದರು.

ವಿಚಿತ್ರ ನೋಡಿ. ಮನುಷ್ಯ ನಿರಪರಾಧಿಯಾದ, ತೀರ್ಪು ಹಾಗೇ ಉಳಿಯಿತು. ಸುಪ್ರೀಂ ಕೋರ್ಟಿನ ಪೂರ್ವನಿದರ್ಶನವನ್ನು ಮುಟ್ಟುವ ಅಧಿಕಾರ ಜಿಲ್ಲಾ ನ್ಯಾಯಾಧೀಶರಿಗಿಲ್ಲ. 1988ರ ಕಾಯಿದೆ ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರವನ್ನೂ ಕ್ಷಮಾಪಣೆಯನ್ನೂ ಕೊಟ್ಟಿತು. ತೀರ್ಪನ್ನು ಅದೂ ಅಳಿಸಲಿಲ್ಲ. 2003ರಲ್ಲಿ ಗ್ವಾಂಟನಾಮೊ ಖೈದಿಗಳ ಪರವಾಗಿ ವೃದ್ಧ ಕೊರೆಮಾತ್ಸು ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿದರು. 2005ರಲ್ಲಿ ತೀರಿಕೊಂಡರು.

ಕೊನೆಗೆ 2018ರ ಜೂನ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, 1944ರ ತೀರ್ಪು ಬಂದ ದಿನವೇ ತಪ್ಪಾಗಿತ್ತು, ಇತಿಹಾಸದ ನ್ಯಾಯಾಲಯದಲ್ಲಿ ಅದು ರದ್ದಾಗಿದೆ ಎಂದು ಬರೆದರು. ಬರೆದದ್ದು ಎಲ್ಲಿ? ಮುಸ್ಲಿಮರೇ ಹೆಚ್ಚಿರುವ ಹಲವು ದೇಶಗಳವರನ್ನು ತಡೆದ ಅಧ್ಯಕ್ಷ ಟ್ರಂಪ್ ಅವರ ಆದೇಶವನ್ನು 5–4ರಿಂದ ಎತ್ತಿಹಿಡಿದ ತೀರ್ಪಿನಲ್ಲಿ. ಕೊರೆಮಾತ್ಸು ಅವರ ಮಗಳು ಕರೆನ್ ಆ ಆದೇಶದ ವಿರುದ್ಧ ಕೋರ್ಟಿಗೆ ಮನವಿ ಸಲ್ಲಿಸಿದ್ದವರಲ್ಲಿ ಒಬ್ಬರು. 2021ರ ಜನವರಿಯಲ್ಲಿ ಅಧ್ಯಕ್ಷ ಬೈಡನ್ ಆದೇಶವನ್ನು ಹಿಂತೆಗೆದುಕೊಂಡರು. ತೀರ್ಪನ್ನು ಹಿಂತೆಗೆಯುವುದು ಅವರ ಕೈಯಲ್ಲಿರಲಿಲ್ಲ. 2025ರ ಜೂನ್‌ನಲ್ಲಿ, ಮತ್ತೆ ಅಧ್ಯಕ್ಷರಾಗಿದ್ದ ಟ್ರಂಪ್ 12 ದೇಶಗಳವರ ಪ್ರವೇಶವನ್ನು ನಿಷೇಧಿಸಿದರು.