ಹಿಮಾಲಯದ ಹಿಮ, ಬಳ್ಳಾರಿಯ ಮಳೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಈ ಸೀಮೆಯನ್ನೂ ಒಳಗೊಂಡ ದೇಶದ ಮುಂಗಾರಿನ ಬಗ್ಗೆ ಸರ್ಕಾರ ಮೊತ್ತಮೊದಲು ಮುನ್ಸೂಚನೆ ಕೊಡಲು ಹೊರಟಾಗ ಆಧಾರವಾಗಿ ಹಿಡಿದದ್ದು ಹಿಮಾಲಯದ ಮೇಲೆ ಬಿದ್ದ ಹಿಮವನ್ನೇ. ಹಿಮದ ರಾಶಿಗೂ ಎರೆಭೂಮಿಯ ಜೋಳದ ಬಿತ್ತನೆಗೂ ನಂಟು ಕಟ್ಟಿದ್ದು ಒಂದು ಭೀಕರ ಬರಗಾಲ.

ಸಹ್ಯಾದ್ರಿಯ ಪೂರ್ವಕ್ಕಿರುವ ಈ ಪ್ರದೇಶ ಮಳೆನೆರಳಿನದು, ಅಂದರೆ ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಘಟ್ಟದ ಮೇಲೆಯೇ ಬಹುಪಾಲು ನೀರನ್ನು ಸುರಿಸಿ ಬರಿದಾಗಿ ಇತ್ತ ಸಾಗಿಬರುವ ಜಾಗ. ವರ್ಷದ ಸರಾಸರಿ ಮಳೆ ಸುಮಾರು 500 ಮಿಲಿಮೀಟರ್. ಜೂನ್, ಜುಲೈ ತಿಂಗಳುಗಳಲ್ಲಿ ಗಾಳಿಯೇ ಹೆಚ್ಚು, ಮಳೆ ಕಡಿಮೆ. ನಿಜವಾದ ಮಳೆಗಾಲವೆಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಆದ್ದರಿಂದ ಇಲ್ಲಿನ ಒಕ್ಕಲಿಗನಿಗೆ ವರ್ಷಕ್ಕೆ ಎಷ್ಟು ಮಳೆ ಎಂಬುದಕ್ಕಿಂತ ಯಾವಾಗ ಮಳೆ ಎಂಬ ಪ್ರಶ್ನೆಯೇ ದೊಡ್ಡದಾಗಿತ್ತು.

ಆ ಪ್ರಶ್ನೆಗೆ ಹಳೆಯ ಉತ್ತರವೆಂದರೆ ಮಳೆ ನಕ್ಷತ್ರಗಳು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನೆಂಬ ಲೆಕ್ಕದ ಮೇಲೆ ವರ್ಷವನ್ನು ಇಪ್ಪತ್ತೇಳು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ನಾಲ್ಕು ಪಾದಗಳಾಗಿ ಒಡೆದಾಗ, ಮೂರು ದಿನಕ್ಕೊಮ್ಮೆ ಎಂಬಷ್ಟು ಸೂಕ್ಷ್ಮವಾದ ಕೃಷಿ ಪಂಚಾಂಗವೊಂದು ದೊರೆಯುತ್ತಿತ್ತು. ಮಲೆನಾಡು ಆರಿದ್ರೆ, ಪುನರ್ವಸುಗಳನ್ನು ಕಾಯುವಾಗ ಬಳ್ಳಾರಿಯ ಎರೆನಾಡು ಉತ್ತರೆ, ಹಸ್ತ, ಚಿತ್ತೆಗಳನ್ನು ಕಾಯುತ್ತಿತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟ ಕಪ್ಪು ನೆಲ ಆ ಮಳೆಗಳಿಗೆ ಬಾಯಿ ಮುಚ್ಚಿ, ಹಿಡಿ ಮಣ್ಣು ಮುದ್ದೆಯಾಗುವ ಹದಕ್ಕೆ ಬಂದ ಮೇಲೆಯೇ ಕೂರಿಗೆ ಹೊಲಕ್ಕೆ ಇಳಿಯುತ್ತಿತ್ತು. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ಆ ಸಂವತ್ಸರದ ಮಳೆಯನ್ನು ಕೊಳಗದ ಲೆಕ್ಕದಲ್ಲಿ ಹೇಳಿ, ಸಮುದ್ರಕ್ಕೆ ಇಷ್ಟು, ಪರ್ವತಕ್ಕೆ ಇಷ್ಟು, ಭೂಮಿಗೆ ಇಷ್ಟು ಎಂದು ಪಾಲು ಹಂಚುವುದಿತ್ತು. ಮೊನ್ನೆ ಮೊನ್ನೆಯವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಮೈಲಾರಲಿಂಗನ ಭಕ್ತನಾದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ನುಡಿಯುವ ಕಾರಣಿಕ, ಅಂದರೆ ಒಂದೇ ಸಾಲಿನ ಭವಿಷ್ಯವಾಣಿ, ಮಳೆ ಬೆಳೆಯ ಅರ್ಥವನ್ನೇ ಮೊದಲು ಪಡೆಯುತ್ತದೆ. ಇವನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ನಕ್ಷತ್ರದ ಲೆಕ್ಕ ನಾಳೆಯ ಮಳೆಯನ್ನು ಹೇಳದಿದ್ದರೂ ತಲೆಮಾರುಗಳ ಅನುಭವದ ಸರಾಸರಿಯನ್ನು ನೆನಪಿನಲ್ಲಿಡುವ ಸಾಧನವಾಗಿತ್ತು.

ಸರಾಸರಿಯೇ ಕೈಕೊಟ್ಟ ವರ್ಷ 1876. ಧಾತು ಸಂವತ್ಸರದಲ್ಲಿ ಮುಂಗಾರು ಹಿಂಗಾರು ಎರಡೂ ತಪ್ಪಿ, 1878ರವರೆಗೆ ಮುಂದುವರಿದ ಕ್ಷಾಮದಲ್ಲಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದಾಯಿತು. 1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗದ ಚಿಂತನೆಯ ಬೆನ್ನಲ್ಲೇ, ಬರ ಬರುವ ಮೊದಲೇ ಅದನ್ನು ಅರಿಯಲಾದೀತೇ ಎಂಬ ಪ್ರಶ್ನೆ 1875ರಲ್ಲಿ ಸ್ಥಾಪನೆಯಾಗಿದ್ದ ಭಾರತ ಹವಾಮಾನ ಇಲಾಖೆಯ ಮುಂದೆ ಬಂದಿತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ ಚಳಿಗಾಲ ಮತ್ತು ವಸಂತದಲ್ಲಿ ಹಿಮಾಲಯದ ಮೇಲೆ ಹಿಮ ಹೆಚ್ಚಾಗಿ ಬಿದ್ದ ವರ್ಷ ಒಣಗಾಳಿ ಬೀಸಿ ಮುಂಗಾರು ಸೊರಗುವುದನ್ನು ಗುರುತಿಸಿ, 1882ರಿಂದ ಪ್ರಾಯೋಗಿಕ ಮುನ್ಸೂಚನೆಗಳನ್ನು ಕೊಟ್ಟು, 1884ರಲ್ಲಿ ಈ ಸಂಬಂಧವನ್ನು ಪ್ರಬಂಧವಾಗಿ ಪ್ರಕಟಿಸಿದನು. 1886ರ ಜೂನ್ 4ರಂದು ಭಾರತ ಮತ್ತು ಬರ್ಮಾಗಳಿಗೆ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆ ಹೊರಬಿದ್ದಿತು. ಬಿಳಿಯ ಹಿಮ ಬಿಸಿಲನ್ನು ಮರಳಿ ಆಕಾಶಕ್ಕೇ ಹೊಡೆಯುತ್ತದೆ, ಉಳಿದ ಶಾಖವನ್ನೂ ತಾನು ಕರಗುವುದಕ್ಕೆ ಬಳಸಿಕೊಳ್ಳುತ್ತದೆ. ಹೀಗಾಗಿ ನೆಲ ತಡವಾಗಿ ಕಾದು, ಸಮುದ್ರದ ಗಾಳಿಯನ್ನು ಒಳಕ್ಕೆ ಸೆಳೆಯುವ ಶಕ್ತಿ ಕುಂದುತ್ತದೆ ಎಂಬುದು ಇದರ ಹಿಂದಿನ ತರ್ಕ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಮೋಡವು ಗರ್ಭ ಧರಿಸಿದ 195 ದಿನಗಳಿಗೆ ಮಳೆಯಾಗಿ ಹೆರುತ್ತದೆ ಎಂದು ಲೆಕ್ಕ ಹಾಕುವಾಗ, ಪುಷ್ಯ ಮಾಸದಲ್ಲಿ ಹಿಮ ಅತಿಯಾಗಿ ಬೀಳದಿರುವುದನ್ನು ಶುಭಲಕ್ಷಣವಾಗಿ ಎಣಿಸುತ್ತದೆ. ಆ ಸಂಸ್ಕೃತ ಗ್ರಂಥವೂ ಬ್ಲ್ಯಾನ್‌ಫೋರ್ಡನ ಪ್ರಬಂಧವೂ ಬೇರೆ ಬೇರೆ ದಾರಿಯಿಂದ ಒಂದೇ ದಿಕ್ಕಿಗೆ ಕೈ ತೋರಿಸಿದ್ದು ಗಮನಾರ್ಹ.

ಹಿಮವೊಂದನ್ನೇ ನಂಬಿದರೆ ಸಾಲದೆಂಬುದು ಬೇಗ ತಿಳಿಯಿತು. 1899ರಲ್ಲಿ ಬ್ಲ್ಯಾನ್‌ಫೋರ್ಡನ ನಂತರ ಇಲಾಖೆಯ ಮುಖ್ಯಸ್ಥನಾಗಿದ್ದ ಜಾನ್ ಎಲಿಯಟ್ ಕೊಟ್ಟ ಆಶಾದಾಯಕ ಮುನ್ಸೂಚನೆ ಸುಳ್ಳಾಗಿ ದೇಶ ಮತ್ತೆ ಬರಕ್ಕೆ ಸಿಕ್ಕಿತು. 1904ರಿಂದ ಇಲಾಖೆಯನ್ನು ನಡೆಸಿದ ಗಣಿತಜ್ಞ ಗಿಲ್ಬರ್ಟ್ ವಾಕರ್ ಹಿಮದ ಜೊತೆಗೆ ದಕ್ಷಿಣ ಅಮೆರಿಕ, ಮಾರಿಷಸ್‌ಗಳ ವಾಯುಒತ್ತಡವನ್ನೂ ಜಾಂಜಿಬಾರಿನ ಮಳೆಯನ್ನೂ ಸೇರಿಸಿ ಸಮೀಕರಣ ಕಟ್ಟಿದನು. 1976ರಲ್ಲಿ ಹಾನ್ ಮತ್ತು ಶುಕ್ಲ ಎಂಬ ವಿಜ್ಞಾನಿಗಳು ಉಪಗ್ರಹದ ಚಿತ್ರಗಳಿಂದ ಯುರೇಷ್ಯಾದ ಹಿಮಕ್ಕೂ ಮುಂಗಾರಿಗೂ ಇರುವ ನಂಟನ್ನು ಮತ್ತೆ ಎತ್ತಿಹಿಡಿದರು.

ಇಷ್ಟಾದರೂ ಬಳ್ಳಾರಿಯ ಪ್ರಶ್ನೆ ಹಾಗೆಯೇ ಉಳಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶಕ್ಕೆಲ್ಲ ವಾಡಿಕೆಯ ಮಳೆ ಎಂಬ ಮಾತು, ಚಿತ್ತೆಯ ಎರಡನೆಯ ಪಾದದಲ್ಲಿ ತನ್ನ ಹೊಲ ನೆನೆಯುವುದೇ ಎಂದು ಕಾಯುವವನಿಗೆ ಉತ್ತರವಲ್ಲ. ಅವನಿಗೆ ಹತ್ತಿರವಾದ ವಿಜ್ಞಾನ ಹುಟ್ಟಿದ್ದು ಮಳೆಮಾಪಕದ ಬಳಿ. ಐದು ಅಂಗುಲ ಅಗಲದ ಬಾಯಿಗೆ ಹಿತ್ತಾಳೆಯ ಅಂಚು ಕಟ್ಟಿದ ಆಲಿಕೆ, ಅದರ ಕೆಳಗೆ ನೆಲದಲ್ಲಿ ಅರ್ಧ ಹೂತ ಕೊಳವೆಯೊಳಗಿನ ಸೀಸೆ, ಆ ನೀರನ್ನು ಸುರಿದು ನೋಡಲು ಗೆರೆ ಎಳೆದ ಗಾಜಿನ ಅಳತೆಪಾತ್ರೆ: ಮುಂಜಾನೆ ಇದನ್ನು ಓದಿ ಬರೆದಿಟ್ಟ ಅಂಕಿಗಳೇ ವಾಡಿಕೆ ಮಳೆ ಎಂಬ ಪದಕ್ಕೆ ಅರ್ಥ ಕೊಟ್ಟವು. ಹಗರಿಯ ಕೃಷಿ ಸಂಶೋಧನಾ ಕೇಂದ್ರ, 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು ಮತ್ತು ನೀರು ಸಂರಕ್ಷಣಾ ಕೇಂದ್ರ ಬಿದ್ದ ಮಳೆಯನ್ನು ಹೊಲದಲ್ಲೇ ತಡೆದು ನಿಲ್ಲಿಸುವ ಬಗೆಯತ್ತ ಗಮನ ಹರಿಸಿದವು. 1988ರಲ್ಲಿ ರಾಜ್ಯ ಸರ್ಕಾರ ಬರ ನಿಗಾ ಘಟಕವನ್ನು ಆರಂಭಿಸಿತು. ಮುಂದೆ ಅದೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಅಂಕಿ ಕಳುಹಿಸುವ ಮಳೆಮಾಪಕಗಳನ್ನು ನಿಲ್ಲಿಸಿ, ವರುಣ ಮಿತ್ರ ಸಹಾಯವಾಣಿಯ ಮೂಲಕ ರೈತರಿಗೆ ದೂರವಾಣಿಯಲ್ಲೇ ಮುನ್ಸೂಚನೆ ತಿಳಿಸತೊಡಗಿತು.

ಅಷ್ಟರಲ್ಲಿ ಸಿರುಗುಪ್ಪದ ಆಕಾಶವೇ ಬದಲಾಗಿತ್ತು. ವಿಜಯನಗರದ ಕಾಲದ ಅಣೆಕಟ್ಟೆಗಳಿಂದಲೇ ತುಂಗಭದ್ರೆಯ ನೀರು ಕಂಡಿದ್ದ ಆ ಸೀಮೆ, 1953ರಲ್ಲಿ ಹೊಸ ಜಲಾಶಯದ ನೀರು ಹರಿದ ಮೇಲೆ ಭತ್ತದ ಬಯಲಾಯಿತು; ಅಲ್ಲಿನ ರೈತ ಇಂದು ಜುಲೈ ತಿಂಗಳಲ್ಲಿ ವಿಚಾರಿಸುವುದು ತನ್ನೂರಿನ ಮೋಡವನ್ನಲ್ಲ, ಶಿವಮೊಗ್ಗ, ಚಿಕ್ಕಮಗಳೂರುಗಳಲ್ಲಿ ಸುರಿದ ಮಳೆಯನ್ನು ಮತ್ತು ಜಲಾಶಯದ ಒಳಹರಿವನ್ನು. ಕಾಲುವೆ ಮುಟ್ಟಿದ ಹೊಲಗಳೂ ಮುಟ್ಟದ ಹೊಲಗಳೂ ಇರುವ ಕುರುಗೋಡಿನಲ್ಲಿ ಮಾತ್ರ, ಒಂದೇ ಊರಿನ ಒಬ್ಬ ರೈತ ಆರಿದ್ರೆಯಲ್ಲಿ ಮಲೆನಾಡಿನ ಸುದ್ದಿ ಕೇಳುತ್ತಿದ್ದರೆ, ಅವನ ನೆರೆಯವನು ಹಸ್ತದ ಮೋಡ ಯಾವ ಕಡೆಯಿಂದ ಏಳುತ್ತದೆಂದು ನೋಡುತ್ತಾನೆ.